ಕುಕ್ಕರಿನೊಡನೆ ಬಂದ ಅತ್ತೆ

ಮರಾಠಿ ಊರಿನಲ್ಲಿ, ಸದಾಶಿವ ಪೇಠದೊಳಗೆ, ಒಂದೇ ಅಂಗಳದ ಸುತ್ತ ಹಲವು ಮನೆಗಳಿದ್ದ ನಮ್ಮ ವಾಡೆಯಲ್ಲಿ ಆಗೆಲ್ಲ ದೀಪಾವಳಿ ಬಂದದ್ದು ಮೊದಲು ಮೂಗಿಗೆ ತಿಳಿಯುತ್ತಿತ್ತು. ಒಂದು ಮನೆಯಲ್ಲಿ ಚಕ್ಕಲಿ ಕರಿದರೆ ಇನ್ನೊಂದರಲ್ಲಿ ಕಡಲೆಹಿಟ್ಟು ಹುರಿಯುವ ಘಮ. ಅಂಗಳದಲ್ಲಿ ನಾವು ಮಕ್ಕಳು ಅಲ್ಲಿನ ಹಬ್ಬದ ವಾಡಿಕೆಯಂತೆ ಕೆಮ್ಮಣ್ಣು ಕಲಸಿ ಆಟದ ಕೋಟೆ ಕಟ್ಟುತ್ತಿದ್ದೆವು. ಅಂಥದೊಂದು ಬೆಳಿಗ್ಗೆ ನಾನು ಕೋಟೆಯ ಮೇಲೆ ಹುಲ್ಲಿನಂತೆ ಹಸಿರು ಮೊಳೆಯಲೆಂದು ಸಾಸಿವೆ ಉದುರಿಸುತ್ತಿದ್ದಾಗ ಬಾಗಿಲಿಗೆ ರಿಕ್ಷಾ ಬಂದು ನಿಂತಿತು. ಅಪ್ಪನ ತಂಗಿ ಸುಮಿತ್ರಾ ಅತ್ತೆ ಇಳಿದಳು. ಕೈಯಲ್ಲಿ ಪ್ರೆಶರ್ ಕುಕ್ಕರ್. ಬೇರೇನೂ ಇಲ್ಲ.

"ಇದೇನ, ಹಬ್ಬಕ್ಕ ಕುಕ್ಕರ್ ತಂದೀ?" ಎಂದಳು ಅಜ್ಜಿ.

"ರಬ್ಬರ್ ಹಾಕಿಸ್ಕೊಂಡು ಬರ್ಲಿಕ್ಕೆ ಪ್ಯಾಟಿಗೆ ಹೋಗಿದ್ದೆ. ಬರೋದ್ರಾಗ ಇವರು ಒಳಗಿಂದ ಬಾಗಲಾ ಹಾಕ್ಕೊಂಡಾರ. ಎಷ್ಟು ಬಡದ್ರೂ ತಗೀಲಿಲ್ಲ."

ಅತ್ತೆಯ ಗಂಡ ಮಾಧವ ಮಾಮಾ ಕುರಕುಂಭದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ನಮ್ಮ ಮನೆಗೆ ಬಂದರೆ ಅಜ್ಜಿಯ ಕಾಲಿಗೆ ಬಿದ್ದು, ನನಗೆ ಚಾಕಲೇಟು ಕೊಟ್ಟು, ಬಡಿಸಿದ್ದನ್ನೆಲ್ಲ ಹೊಗಳಿ ಉಣ್ಣುತ್ತಿದ್ದರು. ಅತ್ತೆಯ ಕೈಮೇಲೆ ಮಾತ್ರ ಆಗಾಗ ಕಂದುಗಟ್ಟಿದ ಗುರುತು. "ಬಚ್ಚಲದಾಗ ಜಾರಿ ಬಿದ್ದೆ" ಅನ್ನುತ್ತಿದ್ದಳು. ಅಜ್ಜಿ ಅದನ್ನು ನಂಬಿ ಒಮ್ಮೆ ಬಚ್ಚಲು ತಿಕ್ಕಲು ಗಟ್ಟಿ ನಾರಿನ ಬ್ರಷ್ಷು, ಇನ್ನೊಮ್ಮೆ ರಬ್ಬರ್ ಚಾಪೆ ಕೊಟ್ಟು ಕಳಿಸಿದ್ದಳು.

ಹಬ್ಬದ ಎಣ್ಣೆಸ್ನಾನಕ್ಕೆ ಅತ್ತೆಯ ಬೆನ್ನಿಗೆ ಎಣ್ಣೆ ಹಚ್ಚಲು ಹೋದ ಅವ್ವ, ಎಣ್ಣೆಯ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದು ಅಜ್ಜಿಯನ್ನು ಕರೆದಳು. ಅಜ್ಜಿ ಒಳಗೆ ಹೋದಳು. ಬಂದವಳು ಪಡಸಾಲೆಯಲ್ಲಿ ಕೂತಳು. ಕೂತದ್ದು ಚಕ್ಕಲಿ ಆರಲು ಹಾಕಿದ್ದ ಪೇಪರಿನ ಮೇಲೆ. ಚಕ್ಕಲಿಗಳೆಲ್ಲ ಪುಡಿಯಾದವು. ಯಾರೂ ನಗಲಿಲ್ಲ.

"ಜಾರಿದ್ದಲ್ಲ ಅದು," ಎಂದಳು ಅಜ್ಜಿ.

ಅಪ್ಪ ಗಂಟಲು ಸರಿಮಾಡಿಕೊಂಡ. "ಹಬ್ಬ ಮುಗೀಲಿ. ನಾ ಹೋಗಿ ಮಾಧವರಾಯರಿಗೆ ಸಮಾಧಾನದಿಂದ ಹೇಳ್ತೀನಿ. ಇಕೀನೂ ಸ್ವಲ್ಪ ಹೊಂದ್ಕೊಂಡ್ರ..."

"ಹೊಂದ್ಕೊಳ್ಳಿಕ್ಕೆ ಅಕಿ ಏನು ಕುಕ್ಕರಿನ ರಬ್ಬರ್ ಅಲ್ಲ," ಎಂದು ಅಜ್ಜಿ ಎದ್ದು, ಸೀರೆಗೆ ಅಂಟಿದ ಚಕ್ಕಲಿ ಕೊಡವಿಕೊಂಡು, ನೇರ ಮಾಳಿಗೆ ಹತ್ತಿದಳು. ಮೇಲೆ ಬೆಳಗಾವಿ ಕಡೆಯ ಶೈಲಾ ವಕೀಲರು ಇದ್ದರು.

ಶೈಲಾ ವಕೀಲರು ಕೆಳಗೆ ಬಂದು ಶೇಂಗಾ ಹೋಳಿಗೆ ತಿನ್ನುತ್ತ ಹೇಳಿದ್ದು ನನಗೆ ಅಷ್ಟಿಷ್ಟು ತಿಳಿಯಿತು. ಹೆಂಗಸರಿಗಾಗಿ ಹೊಸ ಕಾಯ್ದೆ ಬಂದಿದೆ. ಹೊಡೆದವನನ್ನು ಜೈಲಿಗೆ ಕಳಿಸುವ ಕಾಯ್ದೆ ಮೊದಲೇ ಇತ್ತು. ಇದು ಹೊಡೆಯದಂತೆ ತಡೆಯುವುದು, ಮನೆಯಿಂದ ಹೊರಹಾಕದಂತೆ ಕಾಯುವುದು.

"ಮನಿ ಅವನ ಹೆಸರಿನಾಗ ಅದ ಅಲ್ಲ?" ಎಂದ ಅಪ್ಪ.

"ಇದ್ರೂ ಅಲ್ಲಿ ಇರೋ ಹಕ್ಕು ಅಕಿಗೆ ಅದ. ಮತ್ತ ಹೊಡೆಯೋದು ಅಷ್ಟ ಅಲ್ರಿ. ದಿನಾ ಕೆಟ್ಟ ಬೈದು, ಅವಮಾನ ಮಾಡಿದ್ರೂ ಈ ಕಾಯ್ದೆದಾಗ ಬರ್ತದ."

"ಬೈದ್ರೂನು?" ಅಜ್ಜಿ ನಿಧಾನವಾಗಿ ಅಪ್ಪನ ಕಡೆ ತಿರುಗಿದಳು. ಕಾಲುಚೀಲ ಸಿಗದೆ ದಿನಾ ಬೆಳಿಗ್ಗೆ ವಾಡೆಗೆಲ್ಲ ಕೇಳುವಂತೆ ಅವ್ವನ ಮೇಲೆ ಹಾರಾಡುತ್ತಿದ್ದ ಅಪ್ಪ, ಮರುದಿನ ತಾನೇ ಮಂಚದ ಕೆಳಗೆ ತೂರಿ ಹುಡುಕಿಕೊಂಡ. ಒಂದೇ ಸಿಕ್ಕಿತು. ಇನ್ನೊಂದು ಕಾಲಿಗೆ ಬೇರೆ ಬಣ್ಣದ್ದು ಹಾಕಿಕೊಂಡು ಆಫೀಸಿಗೆ ಹೋದ.

ನಮ್ಮ ಆಟವೂ ಬದಲಾಯಿತು. ಅಪ್ಪನ ಕರಿ ರೇನ್‌ಕೋಟ್ ಹಾಕಿಕೊಂಡು ಕೋಟೆಯ ಪಕ್ಕ ನಾನು ನ್ಯಾಯಾಧೀಶೆಯಾಗಿ ಕೂರುತ್ತಿದ್ದೆ. ವಾಡೆಯ ಮಕ್ಕಳೆಲ್ಲ ಫಿರ್ಯಾದು ತರುತ್ತಿದ್ದರು. ಅಜ್ಜಿ ಕಟ್ಟೆಯ ಮೇಲೆ ಕೂತು ಗಮನವಿಟ್ಟು ನೋಡುತ್ತಿದ್ದಳು. ಆಮೇಲೆ ತಿಳಿಯಿತು, ಅವಳು ಕೋರ್ಟಿಗೆ ತಯಾರಿ ನಡೆಸಿದ್ದಳು.

ಅತ್ತೆಯ ಅರ್ಜಿಯ ವಿಚಾರಣೆಗೆ ಶಿವಾಜಿನಗರದ ಕೋರ್ಟಿಗೆ ಹೋದ ದಿನ ನನ್ನನ್ನೂ ಕರೆದೊಯ್ದರು. ಹಾಲಿನಲ್ಲಿ ಕಲಸಿದ ದಶಮಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಅಜ್ಜಿ ಪ್ರವಾಸಕ್ಕೆ ಹೊರಟಂತೆ ಕಟ್ಟಿಕೊಂಡಿದ್ದಳು. ನಮ್ಮ ಹೆಸರು ಕರೆದದ್ದೇ, ಶೈಲಾ ವಕೀಲರು ಬಾಯಿ ತೆರೆಯುವ ಮೊದಲೇ ಅಜ್ಜಿ ಎದ್ದು ನಿಂತು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, "ಮೀ ತಿಚೀ ಆಯಿ. ಮಲಾ ಭಾಳ ಸಾಂಗಾಯಚಂ ಅದ," ಎಂದಳು. ತಾಯಿ ನಾನು, ಹೇಳುವುದು ಬಹಳ ಇದೆ ಎಂದು.

ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ಆಜಿ, ಕೂತ್ಕೊಳ್ರಿ. ಮಗಳು ಹೇಳಲಿ," ಎಂದು ಮರಾಠಿಯಲ್ಲಿ ಅಂದರು.

ಅತ್ತೆ ಎದ್ದಳು. ಅವಳ ಮಾತು ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ. "ಜೋರಾಗಿ ಹೇಳ್ರಿ," ಎಂದರು ನ್ಯಾಯಾಧೀಶರು. ಅತ್ತೆ ಒಮ್ಮೆ ಮಾಮಾನ ಕಡೆ ನೋಡಿದಳು. ಇಸ್ತ್ರಿ ಮಾಡಿದ ಅಂಗಿಯಲ್ಲಿ ಅವರು ನೆಲ ನೋಡುತ್ತ ನಿಂತಿದ್ದರು. ಆಮೇಲೆ ಅವಳು ಮರಾಠಿಯಲ್ಲಿ ಹೇಳತೊಡಗಿದಳು. ಬೆಲ್ಟಿನದು, ಬಾಗಿಲಿನದು, ಉಪವಾಸ ಕೆಡವಿದ್ದು. ಹಿಂದಿನ ಬೆಂಚಿನಲ್ಲಿದ್ದ ನನಗೂ ಒಂದೊಂದು ಮಾತೂ ಕೇಳಿಸಿತು. ಅಜ್ಜಿ ನನ್ನ ಕಿವಿ ಮುಚ್ಚಲು ಕೈ ಎತ್ತಿದವಳು, ಹಾಗೇ ಕೆಳಗಿಳಿಸಿದಳು.

ಕೆಲವು ತಾರೀಖುಗಳ ನಂತರ ಆದೇಶವಾಯಿತು. ಹೊಡೆಯಕೂಡದು, ಹೆದರಿಸಕೂಡದು, ಮನೆಯಿಂದ ಹೊರಗಿಡಕೂಡದು. ಮುರಿದರೆ ಜೈಲು. ಈ ಕಾಯ್ದೆಗೆಂದೇ ಸರ್ಕಾರ ನೇಮಿಸಿದ ಸಂರಕ್ಷಣಾ ಅಧಿಕಾರಿಣಿಯ ಜೊತೆ ಅತ್ತೆ ತನ್ನ ಮನೆಗೆ ಹೋದಳು. ಅಜ್ಜಿ ಹಾಸಿಗೆ ಸುತ್ತಿಕೊಂಡು ತಾನೂ ಹೊರಟಳು.

ಮಾಮಾ ಬಾಗಿಲು ತೆಗೆದರು. ಅಜ್ಜಿ ಮೊದಲು ಬಚ್ಚಲಿಗೆ ಹೋಗಿ ಬರಿಗಾಲಿನಲ್ಲಿ ನೆಲ ಉಜ್ಜಿ ನೋಡಿ ಬಂದಳು. "ಛಲೋ ಅದ. ಇನ್ನ ಇಲ್ಲಿ ಯಾರೂ ಜಾರೋದಿಲ್ಲ," ಎಂದು ಹಾಲ್‌ನಲ್ಲಿ ಟಿವಿಯ ಎದುರಿಗೇ ಹಾಸಿಗೆ ಬಿಚ್ಚಿದಳು. ಮುಂಜಾನೆ ಕತ್ತಲಿರುವಾಗಲೇ ಸಹಸ್ರನಾಮ, ಸಂಜೆಗೆ ಮರಾಠಿ ಧಾರಾವಾಹಿ. ಮಾಮಾನ ಕ್ರಿಕೆಟ್ ನಿಂತಿತು. ಅವರು ಉಸಿರು ಜೋರಾಗಿ ಬಿಟ್ಟರೂ ಅಜ್ಜಿ, "ಏನರೆ ಅಂದ್ರಿ?" ಎಂದು ಕೇಳುತ್ತಿದ್ದಳಂತೆ. ಸಂಕ್ರಾಂತಿಯೊಳಗೆ ಮಾಮಾ ತಾವಾಗಿಯೇ ಕುರಕುಂಭದ ಹತ್ತಿರ ಬಾಡಿಗೆಗೆ ಖೋಲಿ ಹಿಡಿದು ಹೋದರು. ಮುಂದೆ ವಿಚ್ಛೇದನವೂ ಆಯಿತು. ಅತ್ತೆ ಹೊಲಿಗೆ ಕ್ಲಾಸು ತೆಗೆದು ತನ್ನ ಕಾಲ ಮೇಲೆ ನಿಂತಳು.

ಈಗ ಅಜ್ಜಿ ಇಲ್ಲ. ವಾಡೆ ಕೆಡವಿ ಬಿಲ್ಡಿಂಗ್ ಎಬ್ಬಿಸಿದ್ದಾರೆ. ಆ ವಾಡೆಯಲ್ಲಿ ಯಾರ ಮನೆಗೆ ಯಾರು ಬಂದರು, ಎಷ್ಟು ದಿನ ಇರುವವರು, ಕಣ್ಣು ಯಾಕೆ ಕೆಂಪಗಿದೆ ಎಂದು ಎಲ್ಲರೂ ಎಲ್ಲರನ್ನೂ ಕೇಳುತ್ತಿದ್ದರು. ಅವ್ವನಿಗೆ ಅದು ತಲೆನೋವು. ನನ್ನ ಈಗಿನ ಫ್ಲ್ಯಾಟಿನಲ್ಲಿ ಆ ತಲೆನೋವಿಲ್ಲ. ಪಕ್ಕದ ಮನೆಯಾಕೆಯ ಹೆಸರು ಸಹ ನನಗೆ ಗೊತ್ತಿರಲಿಲ್ಲ. ಹೋದ ವಾರ ಗೋಡೆಯಾಚೆ ಏನೋ ಬಿದ್ದ ಸದ್ದಾಯಿತು. ಅತ್ತೆಯ ಬಚ್ಚಲು ನೆನಪಾಯಿತು. ಆಮೇಲೆ ಬಟ್ಟಲು ಹಿಡಿದು ಹೋಗಿ ಬೆಲ್ ಒತ್ತಿ, ಹೆಪ್ಪಿಗೆ ಸ್ವಲ್ಪ ಮೊಸರು ಬೇಕಿತ್ತು ಎಂದೆ. ಆಕೆ ಅಚ್ಚರಿಯಿಂದ ನೋಡಿ ಪ್ಯಾಕೆಟ್ ಮೊಸರು ತಂದಳು.

ಅದರಿಂದ ಹೆಪ್ಪಾಗುತ್ತದೋ ಇಲ್ಲವೋ ತಿಳಿಯದು. ಹೆಸರು ಕೇಳಿಕೊಂಡು ಬಂದೆ.