ತಲೆಕೆಳಗಾದ ಮೀನು

ಬಿಂದುಶ್ರೀ ಮೂರನೇ ಕ್ಲಾಸಿನಲ್ಲಿದ್ದಾಗ ಅವಳಪ್ಪ ಓಂಕಾರಪ್ಪನವರಿಗೆ ದಾವಣಗೆರೆಯಿಂದ ವಿಶಾಖಪಟ್ಟಣದ ಬ್ಯಾಂಕಿಗೆ ವರ್ಗವಾಯಿತು. ಅಂದಿನಿಂದ ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಈಗ ಅವಳು ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿಯ ಎರಡನೇ ವರ್ಷದಲ್ಲಿದ್ದಳು.

ಒಂದು ದಿನ ಕಾಲೇಜಿನಲ್ಲಿ ಪ್ರಶ್ನಾವಳಿ ಹಂಚಿದರು. ಕಂಪ್ಯೂಟರ್ ಬರುತ್ತದೆಯೇ? ಪ್ರೊಜೆಕ್ಟರ್ ಬಳಸಬಲ್ಲಿರಾ? ಹೀಗೆ ಮೂವತ್ತು ಪ್ರಶ್ನೆ. ಊಟದ ಗಂಟೆ ಹೊಡೆದಾಗಿತ್ತು. ಬಿಂದುಶ್ರೀ ಎಲ್ಲದಕ್ಕೂ ‘ಬಹಳ ಚೆನ್ನಾಗಿ’ ಎಂದು ಗುರುತು ಹಾಕಿ ಬುತ್ತಿ ಬಿಚ್ಚಿದಳು.

ಮರುದಿನ ಉಪನ್ಯಾಸಕಿ ಅನಸೂಯಾ ಮೇಡಂ ಅವಳ ಬೆನ್ನು ತಟ್ಟಿದರು. “ನಿನ್ನಷ್ಟು ಗೊತ್ತಿರೋರು ಬ್ಯಾಚಿನಲ್ಲೇ ಇಲ್ಲಮ್ಮಾ! ಸೋಮವಾರ ಸಿಂಹಾಚಲದ ಶಾಲೆಯಲ್ಲಿ ಪ್ರೊಜೆಕ್ಟರ್ ಇಟ್ಟು ಪಾಠ ಮಾಡು. ಉಳಿದವರು ನೋಡಿ ಕಲೀಲಿ.”

“ಅಪ್ಪಾ, ನಂಗೆ ಅದನ್ನ ಆನ್ ಮಾಡಾಕೂ ಬರಲ್ಲ,” ಎಂದಳು ಮನೆಯಲ್ಲಿ.

“ಮತ್ಯಾಕವ್ವಾ ಹಂಗ್ ಬರ್ದೆ?”

“ಹಸಿವಾಗಿತ್ತು.”

ಓಂಕಾರಪ್ಪನವರು ಕೆಮ್ಮು ಬರುವವರೆಗೂ ನಕ್ಕರು. ಅವಳು ಮಾತ್ರ ಎರಡು ದಿನ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕೊಳ, ಮೀನುಗಳ ಪಾಠ ಸಿದ್ಧಪಡಿಸಿದಳು.

ಸೋಮವಾರ ಎರಡನೇ ತರಗತಿ. ಹಿಂದೆ ಸಾಲಾಗಿ ಸಹಪಾಠಿಗಳು, ಮೇಡಂ. ಗೋಡೆಯ ಮೇಲೆ ಮೀನು ಮೂಡಿದ್ದೇ ಮಕ್ಕಳು ಹೋ ಎಂದರು. ಹುರುಪೇರಿದ ಬಿಂದುಶ್ರೀ ಚಿತ್ರ ದೊಡ್ಡದು ಮಾಡೋಣವೆಂದು ರಿಮೋಟಿನ ಗುಂಡಿ ಒತ್ತಿದಳು. ಮೀನು ಹೊಟ್ಟೆ ಮೇಲಾಗಿ ಮಗುಚಿಕೊಂಡಿತು! ಯಾವ ಗುಂಡಿ ಒತ್ತಿದರೂ ಅದು ತಿರುಗಲೊಲ್ಲದು.

“ಟೀಚರ್, ಚೇಪ ತಲಕಿಂದುಲು!” ಮೀನು ತಲೆಕೆಳಗು ಎಂದು ತೆಲುಗಿನಲ್ಲಿ ಕೂಗಿದ ಸಾಯಿಪ್ರಿಯಾ ಎಂಬ ಪುಟ್ಟಿ, ಗೋಡೆಗೆ ಬೆನ್ನು ಹಾಕಿ ಬಗ್ಗಿ ಕಾಲುಗಳ ನಡುವಿನಿಂದ ನೋಡಿದಳು. “ಇಪ್ಪುಡು ಬಾಗುಂದಿ!” ಈಗ ಸರಿಯಾಗಿದೆಯಂತೆ.

ಕ್ಷಣದಲ್ಲಿ ಇಡೀ ತರಗತಿ ಬಗ್ಗಿತು. ಬಿಂದುಶ್ರೀಗೆ ನಗು ತಡೆಯಲಾಗಲಿಲ್ಲ. ದುಪಟ್ಟಾ ಸೊಂಟಕ್ಕೆ ಬಿಗಿದು ತಾನೂ ಬಗ್ಗಿ, “ಈಜುರೆಕ್ಕೆ ಎಷ್ಟಿವೆ? ಬಾಲ ಎಲ್ಲಿ?” ಎಂದು ತೆಲುಗಿನಲ್ಲೇ ಕೇಳತೊಡಗಿದಳು. ಮಕ್ಕಳು ತಲೆಕೆಳಗಾಗಿಯೇ ಕಿರುಚಿ ಉತ್ತರ ಹೇಳಿದರು. ಸಹಪಾಠಿಗಳೂ ಬಗ್ಗಿದರು. ಮಂಡಿನೋವಿನ ಮೇಡಂ ಬೆಂಚು ಹಿಡಿದು ಕತ್ತನ್ನಷ್ಟೇ ವಾಲಿಸಿದರು.

ಪಾಠ ಮುಗಿದಾಗ ಬಿಂದುಶ್ರೀ ಏದುಸಿರಿನಲ್ಲೇ ಒಪ್ಪಿಕೊಂಡಳು: “ಮೇಡಂ, ನನಗೇನೂ ಬರಲ್ಲ. ಸುಳ್ಳು ಬರೆದೆ.”

ಮೇಡಂ ಸುತ್ತ ನೋಡಿ ಪಿಸುಗುಟ್ಟಿದರು, “ನನಗೂ ಬರಲ್ಲಮ್ಮಾ. ಅದಕ್ಕೇ ನಿನ್ನನ್ನು ಕಳಿಸಿದ್ದು. ಇಬ್ಬರೂ ಕಲಿಯೋಣ ಬಿಡು.”

ಈಗ ಪ್ರತಿ ಶನಿವಾರ ಇಬ್ಬರೂ ಅದೇ ಶಾಲೆಯಲ್ಲಿ ಅಭ್ಯಾಸಕ್ಕೆ ಕೂರುತ್ತಾರೆ. ಕಳೆದ ವಾರ ಮೇಡಂ ಯಾರ ನೆರವೂ ಇಲ್ಲದೆ ಹುಲಿಯ ವಿಡಿಯೊ ಹಾಕಿದರು. ಗರ್ಜನೆ ಎಷ್ಟು ಜೋರಾಗಿತ್ತೆಂದರೆ, ಬಿಸಿಯೂಟದ ಅಡುಗೆಯಾಕೆ ಸೌಟು ಹಿಡಿದುಕೊಂಡೇ ಓಡಿ ಬಂದಳು.