ಖಾಲಿ ಕಂಪ್ಯೂಟರ್

ಅರಸೀಕೆರೆಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಒಬ್ಬರು ಅಟೆಂಡರ್ ಇದ್ದರು. ಮಗುವಿನ ಜ್ವರ ನೋಡುವಂತೆ ಪ್ರತಿ ಕಂಪ್ಯೂಟರನ್ನೂ ಮುಟ್ಟಿ ನೋಡಿ, ಬಿಸಿಯಾಗಿದ್ದರೆ "ಇದಕ್ಕೆ ಮೈ ಸರಿಯಿಲ್ಲ ಸಾರ್" ಎನ್ನುತ್ತಿದ್ದರು.

ಹೊಸ ಮೇಷ್ಟ್ರಾದ ನಾನು ಆಗೊಂದು ಪ್ರೋಗ್ರಾಂ ಬರೆದಿದ್ದೆ. ಒಂದೇ ಕಂಪ್ಯೂಟರಿನೊಳಗೆ ಹಲವು ಸರ್ವರ್‌ಗಳನ್ನು, ಅಂದರೆ ಸಾಫ್ಟ್‌ವೇರಿನಲ್ಲೇ ಮಾಡಿದ ಕಂಪ್ಯೂಟರ್‌ಗಳನ್ನು, ನಡೆಸಬಹುದಲ್ಲ, ಯಾವುದು ಲ್ಯಾಬಿನ ಯಾವ ಕಂಪ್ಯೂಟರಿನಲ್ಲಿ ನಡೆಯಬೇಕೆಂದು ಅದು ಆರಿಸುತ್ತಿತ್ತು. ಎಲ್ಲಿ ಹೆಚ್ಚು ಮೆಮೊರಿ ಖಾಲಿಯೋ ಅಲ್ಲಿಗೆ, ಅಷ್ಟೇ. ಅಷ್ಟಕ್ಕೇ ನನ್ನ ನಡಿಗೆ ಬದಲಾಗಿತ್ತು.

ಪ್ರಿನ್ಸಿಪಾಲರಿಗೆ ತೋರಿಸುವ ದಿನ ಅದು ಎಲ್ಲ ಸರ್ವರ್‌ಗಳನ್ನೂ ಮೂಲೆಯ ಕಂಪ್ಯೂಟರಿಗೇ ಕಳಿಸತೊಡಗಿತು. ಅಟೆಂಡರ್ ಪಕ್ಕಕ್ಕೆ ಬಂದು ಪಿಸುಗುಟ್ಟಿದರು:

"ಅದಕ್ಕೆ ಮೈ ಸರಿಯಿಲ್ಲ ಸಾರ್. ಆಗಾಗ ನಿಂತೋಗ್ತೈತೆ. ಅದಕ್ಕೇ ಯಾರೂ ಮುಟ್ಟಲ್ಲ, ಅದಕ್ಕೇ ಖಾಲಿ ಐತೆ."

"ಲೆಕ್ಕ ತಪ್ಪಲ್ಲ ಕಣ್ರೀ," ಎಂದೆ.

ಕಂಪ್ಯೂಟರ್ ನಿಂತಿತು. ತಾನೇ ಎದ್ದಾಗ ಪೂರ್ತಿ ಖಾಲಿಯಾಗಿತ್ತು, ಹಾಗಾಗಿ ನನ್ನ ಪ್ರೋಗ್ರಾಂ ಎಲ್ಲವನ್ನೂ ಮತ್ತೆ ಅಲ್ಲಿಗೇ ಕಳಿಸಿತು. ಮತ್ತೆ ನಿಂತಿತು. ಮೂರನೇ ಸಲ ಏಳಲೇ ಇಲ್ಲ.

"ಏನಾಯ್ತ್ರೀ?" ಎಂದು ಪ್ರಿನ್ಸಿಪಾಲರು ನನ್ನನ್ನೇ ಕೇಳಿದರು.

"ಕರೆಂಟ್ ಹೋಯ್ತು ಸಾರ್," ಎಂದರು ಅಟೆಂಡರ್, ನನ್ನ ಮುಖ ನೋಡದೆ.

ನಮ್ಮ ಮೂವರ ತಲೆಯ ಮೇಲೂ ಫ್ಯಾನು ಗಿರ್ರನೆ ತಿರುಗುತ್ತಿತ್ತು.

"ಹೌದು ಸಾರ್," ಎಂದೆ ನಾನು.