ಹಳೇ ಮದುವೆಯ ಮೇಲೆ ಹೊಸ ಮದುವೆ

ನನ್ನ ಕೈಬರಹ ಚೆನ್ನಾಗಿದೆಯೆಂಬ ಜಂಬ ನನಗೆ ಮೊದಲಿನಿಂದಲೂ ಇದೆ. ಆದರೂ ವಿಡಿಯೊ ಕ್ಯಾಸೆಟ್ಟುಗಳ ಮೇಲೆ ಪೆನ್ಸಿಲಿನಲ್ಲೇ ಹೆಸರು ಬರೆಯುತ್ತಿದ್ದೆ. ಅಳಿಸಲು ಸುಲಭ, ನೋಡಿ. ರಾಬರ್ಟ್‌ಸನ್‌ಪೇಟೆಯ ನನ್ನ ಅಂಗಡಿಯಲ್ಲಿದ್ದದ್ದು ಹತ್ತು ಕ್ಯಾಸೆಟ್ಟು. ಲಗ್ನದ ತಿಂಗಳಲ್ಲಿ ಹನ್ನೆರಡು ಮದುವೆ. ಎರಡು ವಿಸಿಆರ್ ಜೋಡಿಸಿ, ಧಾರೆ, ತಾಳಿ, ಆರತಕ್ಷತೆಯನ್ನಷ್ಟೇ ಬೇರೆ ಕ್ಯಾಸೆಟ್ಟಿಗೆ ಇಳಿಸಿ ಮನೆಯವರಿಗೆ ಕೊಡುತ್ತಿದ್ದೆ. ಮೂಲ ಕ್ಯಾಸೆಟ್ಟಿನ ಮೇಲೆ ಮುಂದಿನ ಮದುವೆ. ತೆಗೆದದ್ದು ಅಳಿಯದಿರಲೆಂದು ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿಯುವ ಪದ್ಧತಿಯುಂಟು. ನಾನೂ ಶ್ರದ್ಧೆಯಿಂದ ಮುರಿಯುತ್ತಿದ್ದೆ. ಕ್ಯಾಸೆಟ್ಟು ಸಾಲದಾದಾಗ ಅಷ್ಟೇ ಶ್ರದ್ಧೆಯಿಂದ ಆ ತೂತಿಗೆ ಗಮ್‌ಟೇಪು ಹಚ್ಚಿ, ಅದರ ಮೇಲೇ ಮತ್ತೆ ತೆಗೆಯುತ್ತಿದ್ದೆ.

ನಮ್ಮದು ಕಲ್ಲು ಕುಟ್ಟಿ ಚಿನ್ನ ತೆಗೆದು, ಉಳಿದ ಪುಡಿಯನ್ನು ಗುಡ್ಡ ಹಾಕಿದ ಊರು. ಆ ಗುಡ್ಡದಲ್ಲೂ ಚಿನ್ನ ಉಳಿದಿದೆಯೆಂದು ಹೇಳುವವರು ಯಾವಾಗಲೂ ಇದ್ದರು. ನನ್ನ ಗುಡ್ಡವೆಂದರೆ ಊಟದ ಪಂಕ್ತಿ. ಬಾಯಿ ತುಂಬಿಕೊಂಡವರನ್ನು ಯಾರು ನೋಡುತ್ತಾರೆಂದು ಕತ್ತರಿಸಿಬಿಡುತ್ತಿದ್ದೆ.

ಒಂದು ದಿನ ಬಂಗಾರಪೇಟೆ ಕಡೆಯ ಹಳ್ಳಿಯಿಂದ ಮುನಿಯಮ್ಮ ಬಂದಳು. ಕಂಕುಳಲ್ಲಿ ಮಗಳು. ಹಿಂದಿನ ವರ್ಷ ಅವಳ ಗಂಡನ ಅಣ್ಣನ ಮಗಳ ಮದುವೆಯನ್ನು ನಾನೇ ತೆಗೆದಿದ್ದೆ. ಅದಾದ ತಿಂಗಳಿಗೇ ಮುನಿಯಮ್ಮನ ಗಂಡ ಜ್ವರದಲ್ಲಿ ತೀರಿಕೊಂಡ. ಮಗು ಆಮೇಲೆ ಹುಟ್ಟಿತು.

“ಅವ್ರುದು ಒಂದು ಫೋಟೋನೂ ಇಲ್ಲ ಕಣಣ್ಣ. ನೀವು ಕೊಟ್ಟ ಕ್ಯಾಸೆಟ್ನಾಗೆ ಎಲ್ಲೂ ಕಾಣ್ಸಲ್ಲ. ಊಟುಕ್ಕೆ ಬಡುಸ್ತಾ ಇದ್ರು. ಮಗೀಗೆ ಅವ್ರಪ್ಪನ್ನ ಒಂದ್ಸಲ ತೋರುಸ್ಬೇಕು.”

ಅಳಿಸಿದ ಪೆನ್ಸಿಲಿನ ಗುರುತು ನೋಡಿ ಆ ಮದುವೆಯ ಮೂಲ ಕ್ಯಾಸೆಟ್ಟು ಹುಡುಕಿ ತೆಗೆದೆ. ಅದರ ಮೇಲೆ ಮಾರಿಕುಪ್ಪಂನ ಇನ್ನೊಂದು ಮದುವೆ ಕೂತಿತ್ತು. ಉಳಿದಿದ್ದು ಒಂದೇ ಆಸೆ: ಹೊಸ ಮದುವೆ ಚಿಕ್ಕದಾಗಿದ್ದರೆ, ಅದು ಮುಗಿದ ಮೇಲೆ ಹಳೆಯದರ ಬಾಲ ಉಳಿದಿರುತ್ತದೆ. ಓಡಿಸಿದೆ. ಯಾರೋ ಮದುಮಗಳು ಅಳುತ್ತಾ ಕಾರು ಹತ್ತಿದಳು, ಪರದೆ ತುಂಬ ಗೆರೆಗಳೆದ್ದವು, ಆಮೇಲೆ ಊಟದ ಪಂಕ್ತಿ ಬಂತು.

ಸಾಂಬಾರಿನ ಬಕೆಟ್ಟು ಹಿಡಿದ, ಮಣಿಕಟ್ಟಿಗೆ ಕರಿದಾರ ಕಟ್ಟಿದ್ದ ಕೈಯೊಂದು ಒಳಗೆ ಬಂತು. ಮುಖ ಬರುವ ಮುನ್ನ ಕ್ಯಾಮೆರಾದ ಹಿಂದಿದ್ದ ನನ್ನದೇ ದನಿ ಕೇಳಿಸಿತು: “ಏಯ್ ಬಕೆಟ್ಟು, ಅಡ್ಡ ಬರ್ಬೇಡ, ಅತ್ಲಾಗ್ ಓಗಪ್ಪ!” ಕೈ ಹಿಂದಕ್ಕೆ ಸರಿಯಿತು. ಟೇಪು ಮುಗಿಯಿತು.

ಮುನಿಯಮ್ಮ ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಅವ್ರೇ. ಆ ಕರೀದಾರ ನಾನೇ ಕಟ್ಟಿದ್ದು,” ಎಂದಳು. “ಯಾರೇನ್ ಯೋಳುದ್ರೂ ಕೇಳೋರು. ಇನ್ನೊಂದ್ಸಲ ಆಕಣ್ಣ.”

ಎರಡನೇ ಸಲಕ್ಕೆ ಟಿವಿಯ ಸದ್ದು ಪೂರ್ತಿ ಇಳಿಸಿದೆ. ಆದರೂ ಕೈ ಹಿಂದಕ್ಕೆ ಸರಿಯಿತು. ಅವಳು ಮಗುವಿನ ಬೆರಳನ್ನು ಪರದೆಗೆ ಮುಟ್ಟಿಸಿ, “ನೋಡು, ನಿಮ್ಮಪ್ಪ” ಎಂದಳು.

ಆ ಕ್ಯಾಸೆಟ್ಟಿನ ಗಮ್‌ಟೇಪು ಕಿತ್ತು, ಪೆನ್ನಿನಲ್ಲಿ ಅವಳ ಗಂಡನ ಹೆಸರು ಬರೆದು ಅವಳಿಗೇ ಕೊಟ್ಟೆ. ಅಂದಿನಿಂದ ಯಾವ ಮದುವೆಯಲ್ಲೂ, ಯಾರು ಅಡ್ಡ ಬಂದರೂ ನಾನು ಬಾಯಿ ಬಿಡುವುದಿಲ್ಲ. ನನ್ನ ವಿಡಿಯೊಗಳಲ್ಲಿ ಗಂಡುಹೆಣ್ಣಿಗಿಂತ ಬಕೆಟ್ಟಿನವರೇ ಹೆಚ್ಚು ಕಾಣುತ್ತಾರೆಂಬ ದೂರಿದೆ. ಕಾಣಲಿ.